ದೊರೆಯ ಮೇಲೆ ದಾವೆ ಹೂಡುವವರು ಯಾರು?

ಗಿರೀಶ ಕಾರ್ನಾಡರ ‘ತುಘಲಕ್’ ನಾಟಕ 1964ರಲ್ಲಿ ಬಂತು. ಅದರ ಮೇಲೆ ನಮ್ಮ ಪಂಡಿತರು ಬರೆದದ್ದನ್ನೆಲ್ಲ ಒಟ್ಟು ಹಾಕಿದರೆ ಪೀಣ್ಯದ ಒಂದು ಗೋಡೌನು ತುಂಬೀತು. ಆದರ್ಶವಾದಿಯ ದುರಂತ, ಒಂಟಿ ಮನುಷ್ಯನ ತೊಳಲಾಟ, ನೆಹರೂ ಯುಗದ ಭ್ರಮನಿರಸನ, ಎಲ್ಲ ಹೇಳಿ ಆಗಿದೆ. ಎಲ್ಲವೂ ದೊರೆಯ ಸುತ್ತಲೇ. ದೊರೆಯ ನಿದ್ದೆ, ದೊರೆಯ ನಮಾಜು, ದೊರೆಯ ಗುಲಾಬಿ ತೋಟ. ಅದೇ ನಾಟಕದಲ್ಲಿ ಒಬ್ಬ ಅಗಸನಿದ್ದಾನೆ. ಅವನನ್ನು ‘ದೊರೆಯ ವಿಕೃತ ನೆರಳು’ ಎಂದು ಎರಡು ಸಾಲಿನಲ್ಲಿ ಮುಗಿಸಿ ವಿಮರ್ಶಕರು ಮತ್ತೆ ದೊರೆಯ ಹತ್ತಿರ ಓಡುತ್ತಾರೆ. ನಾವು ಓಡುವುದಿಲ್ಲ. ಈ ಲೇಖನದಲ್ಲಿ ಅಗಸನ ಹತ್ತಿರವೇ ನಿಲ್ಲುತ್ತೇವೆ.

ಪೀಣ್ಯ ಎರಡನೇ ಹಂತದ ಒಂದು ಬಾಡಿಗೆ ರೂಮಿನಲ್ಲಿ ಭಾನುವಾರಗಳಂದು ನಾವು ಕೆಲವರು ಸೇರಿ ಓದುತ್ತೇವೆ. ಲೇತ್ ಮೇಲೆ ಕೆಲಸ ಮಾಡುವವರು, ಗಾರ್ಮೆಂಟ್ಸಿಗೆ ಹೋಗುವವರು, ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಲ್ಲಿ ಹೌಸ್‌ಕೀಪಿಂಗ್ ಮಾಡುವವರು, ಎಲೆಕ್ಟ್ರಾನಿಕ್ ಸಿಟಿಯ ಗೇಟುಗಳಲ್ಲಿ ಸೆಕ್ಯೂರಿಟಿ ನಿಲ್ಲುವವರು, ನೆಲಮಂಗಲದ ಕಡೆಯ ಒಬ್ಬ ಮೇಷ್ಟ್ರು. ‘ತುಘಲಕ್’ನ ಮೊದಲ ದೃಶ್ಯ ಓದಿ ಮುಗಿಸಿದಾಗ ಗಾರ್ಮೆಂಟ್ಸಿನ ಅಕ್ಕ ಒಬ್ಬರು ಕೇಳಿದರು: “ಅಲ್ಲಾ, ಆ ಅಗಸ ತನ್ ಹೆಸ್ರಲ್ಲೇ ಯಾಕಪ್ಪ ಕೇಸು ಹಾಕ್ಲಿಲ್ಲ?”

ನಮ್ಮಲ್ಲಿ ಕೆಲವರು ಎಂ.ಎ. ತರಗತಿಯಲ್ಲಿ ಎರಡು ವರ್ಷ ಈ ನಾಟಕ ಓದಿದವರು. ಈ ಪ್ರಶ್ನೆ ಅಲ್ಲಿ ನಮ್ಮ ಕಿವಿಗೆ ಬಿದ್ದಿರಲಿಲ್ಲ.

ದೃಶ್ಯ ಹೀಗಿದೆ. ದಿಲ್ಲಿಯಲ್ಲಿ ಕಾಜಿಯ ನ್ಯಾಯಸ್ಥಾನದ ಹೊರಗೆ ಜನ ಗುಂಪು ಕೂಡಿದ್ದಾರೆ. ವಿಷ್ಣುಪ್ರಸಾದ ಎಂಬ ಬ್ರಾಹ್ಮಣ ಸುಲ್ತಾನನ ಮೇಲೆಯೇ ದಾವೆ ಹೂಡಿದ್ದಾನೆ. ಸುಲ್ತಾನನ ಅಧಿಕಾರಿಗಳು ತನ್ನ ಜಮೀನು ಕಿತ್ತುಕೊಂಡರು ಎಂಬುದು ಅವನ ಫಿರ್ಯಾದು. ಕಾಜಿ ಬ್ರಾಹ್ಮಣನ ಪರ ತೀರ್ಪು ಕೊಡುತ್ತಾನೆ. ಸುಲ್ತಾನ ತಲೆಬಾಗಿ ಒಪ್ಪುತ್ತಾನೆ. ಬ್ರಾಹ್ಮಣನಿಗೆ 500 ಬೆಳ್ಳಿ ದಿನಾರು ಪರಿಹಾರ, ಮೇಲೆ ಒಂದು ಸರ್ಕಾರಿ ಕೆಲಸ. ದೊರೆ ಹೊರಗೆ ಬಂದು ಜನರ ಮುಂದೆ ಭಾಷಣ ಮಾಡುತ್ತಾನೆ. ಎಲ್ಲರೂ ಹೋದ ಮೇಲೆ ಗುಟ್ಟು ರಟ್ಟಾಗುತ್ತದೆ. ವಿಷ್ಣುಪ್ರಸಾದ ಬ್ರಾಹ್ಮಣನೇ ಅಲ್ಲ. ಅವನು ಅಜೀಜ್ ಎಂಬ ಮುಸ್ಲಿಂ ಅಗಸ. ಯಾರ ಮೇಲಾದರೂ ದಾವೆ ಹೂಡಬಹುದು ಎಂದು ದೊರೆ ಡಂಗುರ ಹೊಡೆಸಿದ ಕೂಡಲೇ, ಜಪ್ತಿಯಾಗಿದ್ದ ಜಮೀನನ್ನು ಹಳೇ ತಾರೀಖು ಹಾಕಿ ಕಾಗದದ ಮೇಲೆ ಕೊಂಡು, ಬ್ರಾಹ್ಮಣ ವೇಷ ಹಾಕಿ ಬಂದಿದ್ದಾನೆ. ವೇಷ ಯಾಕೆ? ಕಾರಣ ಅವನೇ ಹೇಳುತ್ತಾನೆ. ಮುಸ್ಲಿಂ ದೊರೆಯ ಮೇಲೆ ಒಬ್ಬ ಮುಸ್ಲಿಂ ಗೆದ್ದರೆ ಅದರಲ್ಲಿ ದೊರೆಗೆ ಏನು ಕೀರ್ತಿ? ಬ್ರಾಹ್ಮಣ ಗೆದ್ದರೆ ತಾನೆ ದೊರೆಯ ಸಮದೃಷ್ಟಿ ಲೋಕಕ್ಕೆ ಕಾಣುವುದು!

ಇದು ಬರೀ ಕಲ್ಪನೆಯಲ್ಲ. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ: ತನ್ನ ತಮ್ಮನನ್ನು ವಿನಾ ಕಾರಣ ಕೊಲ್ಲಿಸಿದನೆಂದು ಹಿಂದೂ ಪ್ರಮುಖನೊಬ್ಬ ಈ ಸುಲ್ತಾನನ ಮೇಲೆ ಫಿರ್ಯಾದು ಕೊಟ್ಟಾಗ, ಅವನು ಆಯುಧವಿಲ್ಲದೆ ಕಾಲ್ನಡಿಗೆಯಲ್ಲಿ ಕಾಜಿಯ ಮುಂದೆ ಹೋಗಿ ನಿಂತನಂತೆ. ಅದೇ ಬತೂತ ಆ ಅರಮನೆಯ ಬಾಗಿಲಲ್ಲಿ ಬಿದ್ದಿರುತ್ತಿದ್ದ ಹೆಣಗಳ ಬಗ್ಗೆಯೂ ಬರೆದಿದ್ದಾನೆ. ಕಾರ್ನಾಡರು ಎರಡನ್ನೂ ಬಲ್ಲವರು. ಮೊದಲ ದೃಶ್ಯದಲ್ಲಿ ಕೋರ್ಟಿಗೆ ತಲೆಬಾಗುವ ದೊರೆ ಮುಂದೆ ಮಲತಾಯಿಯನ್ನೇ ಕಲ್ಲು ಹೊಡೆಸಿ ಕೊಲ್ಲಿಸುತ್ತಾನೆ. ಅಲ್ಲಿ ಕಾಜಿಯೂ ಇಲ್ಲ, ದಾವೆಯೂ ಇಲ್ಲ.

ಅಜೀಜನ ದಾವೆ ಸುಳ್ಳು, ಒಪ್ಪಿದೆವು. ಆದರೆ ದೊರೆಗೆ ಬೇಕಾಗಿದ್ದೂ ಸತ್ಯವಲ್ಲ. ಅವನಿಗೆ ಬೇಕಾಗಿದ್ದು ಮೂರೇ. ಒಂದು, ದಾವೆ ತನ್ನ ಅಪ್ಪಣೆಯಿಂದಲೇ ಹುಟ್ಟಬೇಕು. ಎರಡು, ದಾವೆ ಹೂಡುವವನು ತಕ್ಕವನಾಗಿರಬೇಕು. ಮೂರು, ನೋಡಲು ಜನ ಇರಬೇಕು. ಈ ಮೂರನ್ನೂ ಹಿಡಿದುಕೊಂಡು ನಮ್ಮ ಕಾಲದ ಕೋರ್ಟುಗಳ ಕಡೆ ನೋಡೋಣ.

ಮೊದಲು ಅಪ್ಪಣೆ. ನಮ್ಮ ಸಂವಿಧಾನದ 361ನೇ ವಿಧಿಯನ್ನು ಎಷ್ಟು ಮಂದಿ ಮೇಷ್ಟ್ರುಗಳು ಮಕ್ಕಳಿಗೆ ಓದಿಸಿದ್ದಾರೆ? ಓದಿಸಬೇಕು. ರಾಷ್ಟ್ರಪತಿ ಮತ್ತು ರಾಜ್ಯಪಾಲರು ತಮ್ಮ ಅಧಿಕಾರ ಚಲಾಯಿಸಿದ್ದಕ್ಕೆ ಯಾವ ಕೋರ್ಟಿಗೂ ಉತ್ತರ ಕೊಡಬೇಕಾಗಿಲ್ಲ ಎನ್ನುತ್ತದೆ ಅದು. ಅಷ್ಟೇ ಆಗಿದ್ದರೆ ಒಂದು ಮಾತು. ಸಹಿ ಹಾಕಿದ ಪ್ರತಿ ಕಾಗದಕ್ಕೂ ಕೇಸು ಬಿದ್ದರೆ ರಾಜ್ಯ ನಡೆಯುವುದು ಹೇಗೆ ಎಂಬ ವಾದಕ್ಕೆ ಅರ್ಥ ಇದೆ. ಆದರೆ ಎರಡನೇ ಖಂಡ ಇನ್ನೂ ಮುಂದೆ ಹೋಗುತ್ತದೆ. ಅಧಿಕಾರದ ಅವಧಿಯಲ್ಲಿ ಅವರ ಮೇಲೆ ಯಾವುದೇ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ, ಮೊದಲೇ ಹೂಡಿದ್ದರೆ ನಡೆಸುವಂತಿಲ್ಲ. ‘ಯಾವುದೇ’ ಅನ್ನುವ ಆ ಒಂದು ಪದದಲ್ಲಿ ಕಚೇರಿಯ ಕೆಲಸವೂ ಸೇರಿತು, ಮನೆಯೊಳಗಿನ ಅಪರಾಧವೂ ಸೇರಿತು. 1949ರ ಸೆಪ್ಟೆಂಬರ್ 8ರಂದು ಸಂವಿಧಾನ ಸಭೆಯಲ್ಲಿ ಇದು ಚರ್ಚೆಗೆ ಬಂದಾಗ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಎದ್ದು ನಿಂತು ರಾಷ್ಟ್ರಪತಿಯೇ ಅಪರಾಧ ಮಾಡಿದರೆ ಅವಧಿ ಮುಗಿಯುವ ತನಕ ಏನೂ ಮಾಡುವಂತಿಲ್ಲವೇ ಎಂದು ಕೇಳಿದರು. ಸಭೆ ವಿಧಿಯನ್ನು ಒಪ್ಪಿ ಮುಂದೆ ಹೋಯಿತು. ರಾಷ್ಟ್ರಪತಿಯ ಮೇಲೆ ಸಂಸತ್ತು ದೋಷಾರೋಪ ಹೊರಿಸಬಹುದು, 61ನೇ ವಿಧಿ ಇದೆ ಎನ್ನುತ್ತಾರೆ. ಎರಡೂ ಸದನಗಳ ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು. ಗಣರಾಜ್ಯ ಹುಟ್ಟಿದಾಗಿನಿಂದ ಒಬ್ಬ ರಾಷ್ಟ್ರಪತಿಯನ್ನೂ ಹೀಗೆ ಇಳಿಸಿಲ್ಲ. ರಾಜ್ಯಪಾಲರಿಗೆ ಅದೂ ಇಲ್ಲ.

ಕಾಮತರ ಪ್ರಶ್ನೆ 75 ವರ್ಷ ಕಾದಿತ್ತು. 2024ರ ಮೇ ತಿಂಗಳಲ್ಲಿ ಕಲ್ಕತ್ತೆಯ ರಾಜಭವನದ ಒಬ್ಬ ಗುತ್ತಿಗೆ ನೌಕರಳು ರಾಜ್ಯಪಾಲರ ಮೇಲೆ ಲೈಂಗಿಕ ಕಿರುಕುಳದ ಫಿರ್ಯಾದು ಕೊಟ್ಟಳು. ರಾಜ್ಯಪಾಲರು ಆರೋಪವನ್ನು ಅಲ್ಲಗಳೆದರು. ಯಾರ ಮಾತು ನಿಜ ಎಂದು ನಾವು ಹೇಳುವುದಿಲ್ಲ. ಹೇಳಬೇಕಾದ್ದು ಕೋರ್ಟು. ಆದರೆ ಕೋರ್ಟಿನ ಬಾಗಿಲಿಗೆ 361ರ ಬೀಗ. ಆಕೆ ಸುಪ್ರೀಂ ಕೋರ್ಟಿಗೆ ಹೋಗಿ, ಬೀಗ ಸರಿಯೋ ತಪ್ಪೋ ಎಂದು ಮೊದಲು ಕೇಳಬೇಕಾಯಿತು. ಗುತ್ತಿಗೆ ನೌಕರಳು ಎಂಬ ಮಾತನ್ನು ಓದುವವರು ಗಮನಿಸಬೇಕು. ವೈಟ್‌ಫೀಲ್ಡಿನಲ್ಲಿ ಹೌಸ್‌ಕೀಪಿಂಗ್ ಮಾಡುವ ನಮ್ಮ ಅಕ್ಕತಂಗಿಯರಿಗೆ ಆ ಮಾತಿನ ಭಾರ ಯಾರೂ ಹೇಳಿಕೊಡಬೇಕಾಗಿಲ್ಲ.

ಪ್ರಧಾನಿಗೆ, ಮುಖ್ಯಮಂತ್ರಿಗೆ ಈ ರಕ್ಷಣೆ ಇಲ್ಲ. ಅದನ್ನೂ ತರಲು ನೋಡಿದ್ದುಂಟು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಇಂದಿರಾ ಗಾಂಧಿಯವರ ಚುನಾವಣೆಯನ್ನು ರದ್ದು ಮಾಡಿದರು. ಎರಡು ವಾರದೊಳಗೆ ತುರ್ತು ಪರಿಸ್ಥಿತಿ ಬಂತು. ಬೆಂಗಳೂರಿನ ಸೆಂಟ್ರಲ್ ಜೈಲಿಗೆ ವಿರೋಧ ಪಕ್ಷದ ನಾಯಕರು ಬಂದು ಸೇರಿದರು. ಆಗಸ್ಟ್‌ನಲ್ಲಿ ಪ್ರಧಾನಿಯ ಚುನಾವಣೆಯನ್ನು ಕೋರ್ಟಿನ ಕೈಯಿಂದ ತಪ್ಪಿಸುವ 39ನೇ ತಿದ್ದುಪಡಿ ಬಂತು. ಪ್ರಧಾನಿ, ರಾಷ್ಟ್ರಪತಿ, ರಾಜ್ಯಪಾಲರ ಮೇಲೆ ಜೀವಮಾನ ಪೂರ್ತಿ ಕ್ರಿಮಿನಲ್ ಕೇಸು ಬೀಳದಂತೆ ಮಾಡುವ ಇನ್ನೊಂದು ಮಸೂದೆ ರಾಜ್ಯಸಭೆಯಲ್ಲಿ ಪಾಸೂ ಆಯಿತು. ಲೋಕಸಭೆ ದಾಟಲಿಲ್ಲ, ನಮ್ಮ ಪುಣ್ಯ. ನವೆಂಬರ್ 7ರಂದು ಸುಪ್ರೀಂ ಕೋರ್ಟು 39ನೇ ತಿದ್ದುಪಡಿಯ ಮುಖ್ಯ ಭಾಗವನ್ನು ಹೊಡೆದು ಹಾಕಿತು. ಆದರೆ ಅಷ್ಟರಲ್ಲಿ ಚುನಾವಣಾ ಕಾನೂನನ್ನೇ ಹಿಂದಿನ ತಾರೀಖಿನಿಂದ ತಿದ್ದಿದ್ದರು. ಇಂದಿರಾ ಗೆದ್ದರು. ಅಜೀಜ ಮಾಡಿದ್ದೂ ಹಳೇ ತಾರೀಖಿನ ಕಾಗದವನ್ನೇ. ಅಗಸ ಮಾಡಿದರೆ ಫೋರ್ಜರಿ, ಸಂಸತ್ತು ಮಾಡಿದರೆ ತಿದ್ದುಪಡಿ.

ಮುಖ್ಯಮಂತ್ರಿಯ ವಿಷಯದಲ್ಲಿ ಅಪ್ಪಣೆಯ ಹೆಸರು ‘ಪ್ರಾಸಿಕ್ಯೂಷನ್‌ಗೆ ಅನುಮತಿ’. ಕೊಡುವವರು ದಿಲ್ಲಿ ಕಳಿಸಿದ ರಾಜ್ಯಪಾಲರು. 2011ರ ಜನವರಿಯಲ್ಲಿ ಹಂಸರಾಜ್ ಭಾರದ್ವಾಜ್ ಯಡಿಯೂರಪ್ಪನವರ ಮೇಲೆ ಅನುಮತಿ ಕೊಟ್ಟಾಗ, ರಾಜ್ಯಪಾಲರು ಕಾಂಗ್ರೆಸ್ ಏಜೆಂಟ್ ಎಂದು ಬಿಜೆಪಿ ಬೀದಿಗಿಳಿಯಿತು. 2024ರ ಆಗಸ್ಟ್‌ನಲ್ಲಿ ಥಾವರಚಂದ್ ಗೆಹ್ಲೋಟ್ ಸಿದ್ದರಾಮಯ್ಯನವರ ಮೇಲೆ ಅನುಮತಿ ಕೊಟ್ಟಾಗ, ರಾಜ್ಯಪಾಲರು ಬಿಜೆಪಿ ಏಜೆಂಟ್ ಎಂದು ಕಾಂಗ್ರೆಸ್ ಬೀದಿಗಿಳಿಯಿತು. ಭಾಷಣ ಒಂದೇ, ಬಾಯಿ ಬೇರೆ. ತನ್ನ ಮೇಲೆ ಯಾವ ಕೇಸೂ ಹಾಕಿಸಿಕೊಳ್ಳದ ರಾಜ್ಯಪಾಲ, ಇನ್ನೊಬ್ಬರ ಮೇಲೆ ಕೇಸು ಹಾಕಲು ಅಪ್ಪಣೆ ಕೊಡುತ್ತಾನೆ. ಇದನ್ನು ಇಷ್ಟು ವರ್ಷ ನಾವು ಕಾನೂನಿನ ಮೇಲಾಟ ಎಂದು ಓದಿಕೊಂಡು ಬಂದೆವು.

ಎರಡನೆಯದು, ತಕ್ಕ ಫಿರ್ಯಾದಿ. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಿಗೆ ಪರಪ್ಪನ ಅಗ್ರಹಾರ ಗೊತ್ತು. ತುರ್ತು ಪರಿಸ್ಥಿತಿಯ ಕೈದಿಗಳನ್ನು ಕಂಡ ಹಳೇ ಜೈಲು ಈಗ ಫ್ರೀಡಂ ಪಾರ್ಕು. ಸೆಂಟ್ರಲ್ ಜೈಲು ಊರಾಚೆ ಈ ಅಗ್ರಹಾರಕ್ಕೆ ಬಂದಿದೆ. 2014ರ ಸೆಪ್ಟೆಂಬರ್ 27ರಂದು ಇದೇ ಜೈಲಿನ ಆವರಣದ ವಿಶೇಷ ಕೋರ್ಟಿನಲ್ಲಿ ನ್ಯಾಯಾಧೀಶ ಜಾನ್ ಮೈಕೆಲ್ ಡಿಕುನ್ಹಾ, ಅಧಿಕಾರದಲ್ಲಿದ್ದ ಮುಖ್ಯಮಂತ್ರಿ ಜಯಲಲಿತಾ ಅವರಿಗೆ 4 ವರ್ಷ ಸಜೆ, 100 ಕೋಟಿ ರೂಪಾಯಿ ದಂಡ ಹಾಕಿದರು. ಅವತ್ತು ಗೇಟಿನ ಹೊರಗೆ ಅಳುವವರು, ಎದೆ ಬಡಿದುಕೊಳ್ಳುವವರು. ತಮಿಳುನಾಡಿನ ಕಡೆಯ ಬಸ್ಸು ನಿಂತವು. ದೊರೆಸಾನಿ ಕಟಕಟೆ ಹತ್ತಿದ್ದಲ್ಲದೆ ಅಲ್ಲಿಂದ ನೇರ ಜೈಲಿಗೇ ಹೋದದ್ದನ್ನು ನಮ್ಮ ಬೆಂಗಳೂರಿನ ಮಣ್ಣು ಕಂಡಿತು.

ಆದರೆ ಲೆಕ್ಕ ನೋಡಿ. ಆರೋಪ 1991ರಿಂದ 1996ರ ಅವಧಿಯದು. ಕೇಸು ಬೆಂಗಳೂರಿಗೆ ಬಂದದ್ದು 2003ರಲ್ಲಿ. ತೀರ್ಪು 2014ರಲ್ಲಿ. 2015ರ ಮೇ 11ರಂದು ಹೈಕೋರ್ಟು ಖುಲಾಸೆ ಮಾಡಿತು. ಆ ತೀರ್ಪಿನ ಸಾಲದ ಪಟ್ಟಿಯನ್ನು ಕೂಡಿದರೆ 10.67 ಕೋಟಿ ಬರಬೇಕಾದ ಕಡೆ 24.17 ಕೋಟಿ ಎಂದು ಬರೆದಿತ್ತು. ನಮ್ಮ ಮೇಷ್ಟ್ರು ಇದನ್ನು ಐದನೇ ಕ್ಲಾಸಿನ ಮಕ್ಕಳಿಗೆ ಕೊಡಬಹುದಾದ ಕೂಡುವ ಲೆಕ್ಕ ಎಂದರು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ಡಿಕುನ್ಹಾ ತೀರ್ಪನ್ನೇ ಎತ್ತಿ ಹಿಡಿಯಿತು. ಜಯಲಲಿತಾ 2016ರ ಡಿಸೆಂಬರ್ 5ರಂದೇ ತೀರಿಕೊಂಡಿದ್ದರು. ಜತೆಯ ಆರೋಪಿಗಳು ಜೈಲಿಗೆ ಬಂದರು.

ಈ ಕೇಸು ಹಾಕಿದವರು ಯಾರು? ಮೊದಲ ದೂರು ಸುಬ್ರಮಣಿಯನ್ ಸ್ವಾಮಿಯವರದು. ಬೆಂಗಳೂರಿಗೆ ವರ್ಗ ಮಾಡಿಸಿದವರು ಎದುರು ಪಕ್ಷ ಡಿ.ಎಂ.ಕೆ.ಯ ಅನ್ಬಳಗನ್. ಇಂದಿರಾ ಮೇಲೆ ದಾವೆ ಹೂಡಿದವರು ಚುನಾವಣೆಯಲ್ಲಿ ಸೋತ ರಾಜನಾರಾಯಣ್. ನಮ್ಮ ಎಸ್.ಆರ್. ಬೊಮ್ಮಾಯಿ ಅವರ ಕೇಸನ್ನೇ ತೆಗೆದುಕೊಳ್ಳಿ. 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರವನ್ನು ರಾಷ್ಟ್ರಪತಿಯ ಆಜ್ಞೆಯಿಂದ ವಜಾ ಮಾಡಿದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಷ್ಟ್ರಪತಿಯ ಇಂಥ ಆಜ್ಞೆಯನ್ನೂ ಕೋರ್ಟು ತಿರುವಿ ನೋಡಬಹುದು ಎಂದಿತು. ದೊಡ್ಡ ತೀರ್ಪು. ಕರ್ನಾಟಕದಿಂದ ಹೋದ ತೀರ್ಪು ಎಂದು ನಾವು ಹೆಮ್ಮೆಪಡಬೇಕು. ಆದರೆ ಫಿರ್ಯಾದಿ ಕುರ್ಚಿ ಕಳಕೊಂಡ ಮುಖ್ಯಮಂತ್ರಿ. ಐದು ವರ್ಷದ ಮೇಲೆ ಅವರಿಗೂ ಕುರ್ಚಿ ವಾಪಸು ಸಿಗಲಿಲ್ಲ. ದೊರೆಯ ಮೇಲೆ ದಾವೆ ಹೂಡಲು ಇನ್ನೊಬ್ಬ ದೊರೆ ಬೇಕು, ಇಲ್ಲವೇ ದೊರೆಯಾಗಬೇಕೆಂದಿರುವವನು ಬೇಕು. ಮಿಕ್ಕವರೆಲ್ಲ ವೇಷ ಹಾಕಬೇಕು.

ಈಗ ನಮ್ಮ ರೂಮಿಗೆ ಬನ್ನಿ. ಓದುವ ಗುಂಪಿನ ಒಬ್ಬ ಗೆಳೆಯ ಒಂದು ಕಾರ್ಖಾನೆಯಲ್ಲಿ ಎಂಟು ವರ್ಷ ದುಡಿದ. ಕೆಲಸ ಬಿಡಿಸಿದಾಗ ಪಿ.ಎಫ್. ಕೇಳಲು ಹೋದ. ನೀನು ನಮ್ಮವನೇ ಅಲ್ಲ, ಕಂಟ್ರಾಕ್ಟರ್ ಕಡೆಯವನು ಎಂದರು. ಕಂಟ್ರಾಕ್ಟರ್‌ನ ಹೆಸರು ಎಂಟು ವರ್ಷದಲ್ಲಿ ಮೂರು ಸಲ ಬದಲಾಗಿತ್ತು. ಅವನ ಐಡಿ ಕಾರ್ಡಿನ ಮೇಲೆ ಅವನು ಕೆಲಸ ಮಾಡಿದ ಜಾಗದ ಹೆಸರೇ ಇರಲಿಲ್ಲ. ಯಾರ ಮೇಲೆ ದಾವೆ? ಯಾರಾಗಿ ದಾವೆ? ತಾನು ದುಡಿದದ್ದು ನಿಜ ಎಂದು ರುಜುವಾತು ಮಾಡುವುದೇ ಅವನ ಮೊದಲ ಕೇಸು. ಅಜೀಜನಿಗೆ ಸುಳ್ಳು ಹೆಸರಿನ ಕಾಗದವಾದರೂ ಇತ್ತು. ಇವನಿಗೆ ನಿಜವಾದ ಹೆಸರಿನ ಕಾಗದವೂ ಇಲ್ಲ.

ಮೂರನೆಯದು ಜನ. ಅಂದರೆ ನಾವು. 2024ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ರಾತ್ರಿ ಪಾಳಿಯ ಹುಡುಗರು ಅಮೆರಿಕದ ಗಡಿಯಾರಕ್ಕೆ ಕೆಲಸ ಮಾಡುತ್ತ ಅಮೆರಿಕದ ಸುದ್ದಿಯನ್ನೂ ನೋಡಿದರು. ಮೇ 30ರಂದು ಡೊನಾಲ್ಡ್ ಟ್ರಂಪ್ 34 ಆರೋಪಗಳಲ್ಲಿ ತಪ್ಪಿತಸ್ಥ ಎಂದು ಜ್ಯೂರಿ ಹೇಳಿತು. ಜುಲೈ 1ರಂದು ಅಲ್ಲಿನ ಸುಪ್ರೀಂ ಕೋರ್ಟು, ಅಧ್ಯಕ್ಷ ತನ್ನ ಮೂಲ ಅಧಿಕಾರದಲ್ಲಿ ಮಾಡಿದ್ದಕ್ಕೆ ಕ್ರಿಮಿನಲ್ ಕೇಸೇ ಇಲ್ಲ ಎಂದಿತು. ನವೆಂಬರ್‌ನಲ್ಲಿ ಟ್ರಂಪ್ ಮತ್ತೆ ಗೆದ್ದರು. 2025ರ ಜನವರಿ 10ರಂದು ಆ 34 ಆರೋಪಗಳಿಗೆ ಜೈಲೂ ಇಲ್ಲ, ದಂಡವೂ ಇಲ್ಲ ಎಂದು ನ್ಯಾಯಾಧೀಶರು ಬಿಟ್ಟರು. ಗೇಟಿನಲ್ಲಿ ಸೆಕ್ಯೂರಿಟಿ ನಿಲ್ಲುವ ನಮ್ಮ ಗೆಳೆಯ ಹೇಳಿದ ಮಾತು: “ಎಲ್ಲಾ ಕಡೆ ಇಷ್ಟೇ ಸಾರ್. ದೊಡ್ಡೋರಿಗೆ ಏನೂ ಆಗಲ್ಲ ಬಿಡಿ.”

ಈ ‘ಏನೂ ಆಗಲ್ಲ ಬಿಡಿ’ ಎಂಬ ಮಾತನ್ನು ನಾವು ವಿಮರ್ಶೆ ಮಾಡಬೇಕು. ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ನಮ್ಮ ಅಪ್ಪಂದಿರ ಬಾಯಲ್ಲಿ ಕೇಳುತ್ತಲೇ ಇದ್ದೇವೆ. ಇದು ಅನುಭವದ ಮಾತು, ಸುಳ್ಳಲ್ಲ. 2000ದ ಮಾರ್ಚ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆ. 2014ರಲ್ಲಿ ಹೈಕೋರ್ಟಿನಲ್ಲೂ ಅದೇ. ಅಗ್ರಹಾರದ ಜೈಲಿಗೆ ಮುಖ್ಯಮಂತ್ರಿಯನ್ನು ಕಳಿಸಿ ಕಾನೂನು ಎಲ್ಲರಿಗೂ ಒಂದೇ ಎಂದು ಪತ್ರಿಕೆಗಳು ಬರೆದದ್ದು ಅದೇ 2014ರಲ್ಲಿ. ಇನ್ನು ನಮ್ಮವನೊಬ್ಬ ಅಧಿಕಾರದಲ್ಲಿದ್ದರೆ ಕೋರ್ಟಿನ ತಡವೇ ಇಲ್ಲ. 1973ರ ನವೆಂಬರ್‌ನಲ್ಲಿ ಬಿ. ಬಸವಲಿಂಗಪ್ಪನವರು ‘ಬೂಸಾ’ ಎಂಬ ಒಂದು ಪದ ಆಡಿದ್ದಕ್ಕೆ ಮಂತ್ರಿ ಪದವಿ ಹೋಯಿತು. ಅನುಮತಿ ಬೇಕಾಗಲಿಲ್ಲ, ವಾಯಿದೆ ಬೀಳಲಿಲ್ಲ, ಮೇಲ್ಮನವಿ ಇರಲಿಲ್ಲ.

ಹಾಗಾದರೆ ‘ಬಿಡಿ’ ಎನ್ನುವುದು ಸರಿಯೇ? ಅಲ್ಲ. ‘ಏನೂ ಆಗಲ್ಲ’ ಎನ್ನುವ ತನಕ ಅದು ನಮ್ಮ ಮಾತು. ‘ಬಿಡಿ’ ಎಂದ ಕೂಡಲೇ ಅದು ದೊರೆಯ ಮಾತು. ತುಘಲಕನಿಗೆ ಚಪ್ಪಾಳೆ ಹೊಡೆಯುವ ಜನ ಬೇಕಿತ್ತು. ಇಂದಿನ ದೊರೆಗಳಿಗೆ ಚಪ್ಪಾಳೆಯೂ ಬೇಡ, ಬೇಸತ್ತು ಮನೆಗೆ ಹೋಗುವ ಜನ ಇದ್ದರೆ ಸಾಕು. ಎರಡರಲ್ಲೂ ನಾವು ನೋಡುವವರೇ, ಫಿರ್ಯಾದಿಗಳಲ್ಲ. ನಮ್ಮ ಹತಾಶೆಯ ಬೇರು ಇಲ್ಲಿದೆ. ದೊರೆಗೆ ಶಿಕ್ಷೆ ಆಗಲಿಲ್ಲ ಎಂಬುದಕ್ಕಿಂತ, ಆ ಕೇಸು ಯಾವತ್ತೂ ನಮ್ಮದಾಗಿರಲಿಲ್ಲ ಎಂಬುದು ದೊಡ್ಡ ನೋವು.

ನಮ್ಮ ಕೇಸನ್ನು ನಮ್ಮ ಹೆಸರಿನಲ್ಲೇ ನಡೆಸಿದವರು ಇಲ್ಲವೇ? ಇದ್ದಾರೆ. 1927ರಲ್ಲಿ ಮಹಾಡದ ಸವರ್ಣೀಯರು ಚವದಾರ್ ಕೆರೆ ತಮ್ಮ ಖಾಸಗಿ ಸ್ವತ್ತು ಎಂದು ಬಾಬಾಸಾಹೇಬರ ಮೇಲೆ ದಾವೆ ಹೂಡಿದರು. ತಡೆಯಾಜ್ಞೆ ಬಂತು. ಅಂಬೇಡ್ಕರ್ ನೀರು ಮುಟ್ಟುವುದನ್ನು ಮುಂದಕ್ಕೆ ಹಾಕಿ, ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಟ್ಟರು. ಬೀದಿಯಲ್ಲಿ ಬೆಂಕಿ, ಕೋರ್ಟಿನಲ್ಲಿ ಕಾಗದ, ಎರಡನ್ನೂ ಬಿಡಲಿಲ್ಲ. ಹತ್ತು ವರ್ಷ ಬಿಡಲಿಲ್ಲ. 1937ರ ಮಾರ್ಚ್ 17ರಂದು ಬೊಂಬಾಯಿ ಹೈಕೋರ್ಟು ನಮ್ಮ ಪರ ಹೇಳಿತು. ಬಾಬಾಸಾಹೇಬರು ವಿಷ್ಣುಪ್ರಸಾದನಾಗಿ ಹೋಗಲಿಲ್ಲ. ಇತ್ತೀಚಿನ ಮಾತು ಬೇಕೆಂದರೆ ದಕ್ಷಿಣ ಕೊರಿಯಾ ನೋಡಿ. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸೇನಾಡಳಿತ ಹೇರಿದ. ಜನ ಅದೇ ರಾತ್ರಿ ಸಂಸತ್ತಿನ ಮುಂದೆ ಸೇರಿದರು, ಚಳಿಗಾಲ ಪೂರ್ತಿ ಬೀದಿ ಬಿಡಲಿಲ್ಲ. 2025ರ ಏಪ್ರಿಲ್ 4ರಂದು ಅಲ್ಲಿನ ಸಂವಿಧಾನ ನ್ಯಾಯಾಲಯದ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಅವನನ್ನು ಇಳಿಸಿದರು. ಕಾಗದದಲ್ಲಿ ಫಿರ್ಯಾದಿ ಸಂಸತ್ತು. ನಿಜದಲ್ಲಿ ಫಿರ್ಯಾದಿ ಬೀದಿ.

ಅಜೀಜನ ಕತೆ ಮೊದಲ ದೃಶ್ಯಕ್ಕೆ ಮುಗಿಯುವುದಿಲ್ಲ. ಅದನ್ನೂ ಹೇಳದಿದ್ದರೆ ನಮ್ಮ ಓದು ಅಪ್ರಾಮಾಣಿಕ. ದೌಲತಾಬಾದಿನ ದಾರಿಯಲ್ಲಿ ಸರ್ಕಾರಿ ನೌಕರನಾಗಿರುವ ಅಜೀಜನ ಮುಂದೆ, ಸಾಯುತ್ತಿರುವ ಕೂಸನ್ನು ಎತ್ತಿಕೊಂಡು ಹೆಣ್ಣುಮಗಳೊಬ್ಬಳು ನಿಲ್ಲುತ್ತಾಳೆ. ಹಕೀಮನ ಹತ್ತಿರ ಹೋಗಲು ಬಿಡಿ ಎಂದು ಗೋಗರೆಯುತ್ತಾಳೆ. ಅವನು ದುಡ್ಡು ಕೇಳುತ್ತಾನೆ. ಕೊನೆಗೆ ಕೊಲೆ ಮಾಡಿ ಸಿಕ್ಕಿಬಿದ್ದಾಗ ದೊರೆ ಅವನನ್ನು ಶಿಕ್ಷಿಸುವುದಿಲ್ಲ, ದಖನ್ನಿನಲ್ಲಿ ಅಧಿಕಾರ ಕೊಟ್ಟು ಕಳಿಸುತ್ತಾನೆ. ವೇಷ ಹಾಕಿ ಒಳಗೆ ಹೋದವನಿಗೆ ಹೊರಗೆ ನಿಂತವರ ಕೂಸು ಕಾಣುವುದಿಲ್ಲ. ನಮ್ಮ ಚಳವಳಿಯಿಂದ ಮೇಲೆ ಹೋಗಿ, ಈಗ ನಮ್ಮ ಅರ್ಜಿಯನ್ನೇ ಓದದವರನ್ನು ನಾವು ಬಲ್ಲೆವು. ಹೆಸರು ಬೇಡ. ಓದುವವರಿಗೆ ತಮ್ಮ ತಮ್ಮ ತಾಲ್ಲೂಕಿನ ಹೆಸರು ಗೊತ್ತು.

ಕಾರ್ನಾಡರು ದೊಡ್ಡ ನಾಟಕಕಾರರು, ಅನುಮಾನವಿಲ್ಲ. ನಮ್ಮ ತಕರಾರು ಇಷ್ಟೆ. ಅವರ ನಾಟಕದಲ್ಲಿ ಅಗಸನಿಗೆ ಎರಡೇ ದಾರಿ: ಮೋಸಗಾರನಾಗುವುದು, ಇಲ್ಲವೇ ಗುಂಪಿನಲ್ಲಿ ನಿಂತು ನೋಡುವುದು. ನಿಜವಾಗಿ ಜಮೀನು ಕಳಕೊಂಡ ಅಗಸ, ತನ್ನ ಹೆಸರಿನಲ್ಲಿ, ತನ್ನ ಬಾಯಿಯಿಂದ ‘ಇದು ನನ್ನದು’ ಎನ್ನುವ ದೃಶ್ಯ ಅಲ್ಲಿಲ್ಲ. ಅದನ್ನು ಬರೆಯಬೇಕಾದವರು ನಾವು. ಕತೆಯಲ್ಲೂ ಬರೆಯಬೇಕು, ಕಾಗದದ ಮೇಲೂ ಬರೆಯಬೇಕು.

ಅದಕ್ಕೇ ಕೇಳುತ್ತೇವೆ. 361ನೇ ವಿಧಿಯ ‘ಯಾವುದೇ’ ಎಂಬ ಮಾತಿನಿಂದ, ಅಧಿಕಾರದ ಕೆಲಸಕ್ಕೆ ಸಂಬಂಧವಿಲ್ಲದ ಅಪರಾಧಗಳನ್ನು ಹೊರಗೆ ತೆಗೆಯಬೇಕು. ಮುಖ್ಯಮಂತ್ರಿಯ ಮೇಲೆ ಕೇಸಿಗೆ ಅನುಮತಿ ಕೊಡುವ ಕೆಲಸ ರಾಜಭವನದ ಕೈಯಲ್ಲಿರಬಾರದು. ಹಾಸ್ಟೆಲುಗಳಲ್ಲಿ, ಶಾಲೆಗಳಲ್ಲಿ ಮಕ್ಕಳಿಗೆ ಸಂವಿಧಾನದ ಪೀಠಿಕೆ ಬಾಯಿಪಾಠ ಮಾಡಿಸಿದರೆ ಸಾಲದು, ಒಂದು ಫಿರ್ಯಾದು ಬರೆಯುವುದು ಹೇಗೆಂದೂ ಕಲಿಸಬೇಕು.

ಪಿ.ಎಫ್. ಕಳಕೊಂಡ ಗೆಳೆಯನ ಅರ್ಜಿಯನ್ನು ಕಳೆದ ಭಾನುವಾರ ಕೂತು ಬರೆದೆವು. ಬರೆದು ಮುಗಿದ ಮೇಲೆ ಕೆಳಗೆ ಅವನ ಪೂರ್ತಿ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಹಾಕಿ ಅವನಿಂದಲೇ ಗಟ್ಟಿಯಾಗಿ ಓದಿಸಿದೆವು. ಗಾರ್ಮೆಂಟ್ಸಿನ ಅಕ್ಕ ಕೇಳಿಸಿಕೊಂಡು, “ಇನ್ನೊಂದ್ಸಲ ಓದಪ್ಪ” ಎಂದರು. ಅವನು ಓದಿದ.